ಅನುಕರಣದ ಆಕಾಶದಲ್ಲಿ ಆಪತ್ತಿನ ಕರೆ

1990ನೆಯ ಇಸವಿ ಜನವರಿ 25ರ ರಾತ್ರಿ, ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಿಂದ ಹೊರಟಿದ್ದ ಆವಿಯಾಂಕಾ ಸಂಸ್ಥೆಯ 52ನೆಯ ಸಂಖ್ಯೆಯ ವಿಮಾನವು ನ್ಯೂಯಾರ್ಕ್ ನಗರವನ್ನು ಸಮೀಪಿಸುತ್ತಿತ್ತು. ಅದು ನಾಲ್ಕು ಎಂಜಿನ್ನುಗಳ ಬೋಯಿಂಗ್ 707. ಹವೆ ಕೆಟ್ಟಿತ್ತು, ಇಳಿಯಲು ಕಾದಿದ್ದ ವಿಮಾನಗಳ ಸಾಲು ಬೆಳೆದಿತ್ತು. ನೆಲದ ಮೇಲಣ ನಿಯಂತ್ರಕರು ಈ ವಿಮಾನವನ್ನು ಮೂರು ಕಡೆಗಳಲ್ಲಿ ತಡೆದು, ಒಟ್ಟು ಒಂದು ಗಂಟೆ ಹದಿನೇಳು ನಿಮಿಷಗಳ ಕಾಲ ಆಕಾಶದಲ್ಲಿಯೇ ಸುತ್ತು ಹಾಕಿಸಿದರು. ಇಂಧನ ತಳ ಹತ್ತಿತು. ರೇಡಿಯೋ ನೋಡಿಕೊಳ್ಳುತ್ತಿದ್ದ ಸಹಚಾಲಕನು ತಮಗೆ ಆದ್ಯತೆ ಬೇಕೆಂದನು. ಇಂಧನ ಮುಗಿಯುತ್ತಿದೆಯೆಂದೂ ಹೇಳಿದನು. ಆಪತ್ತನ್ನು ಘೋಷಿಸುವಂತೆ ಕ್ಯಾಪ್ಟನ್ ಅವನಿಗೆ ತಿಳಿಸಿದ್ದುಂಟು. ಆದರೆ ಆ ಒಂದು ಪದ, 'ಎಮರ್ಜೆನ್ಸಿ' ಎಂಬ ಪದ, ರೇಡಿಯೋದಲ್ಲಿ ಹೊರಡಲೇ ಇಲ್ಲ. ಮೊದಲನೆಯ ಸಲ ಇಳಿಯುವ ಪ್ರಯತ್ನ ಕೈಗೂಡದೆ ಎರಡನೆಯ ಸುತ್ತಿಗೆ ತಿರುಗಿದಾಗ ಎಂಜಿನ್ನುಗಳು ಒಂದೊಂದಾಗಿ ನಿಂತವು. ವಿಮಾನವು ಲಾಂಗ್ ಐಲೆಂಡಿನ ಕೋವ್ ನೆಕ್ ಎಂಬ ಊರಿನ ಇಳಿಜಾರಿನ ಮೇಲೆ ಬಿದ್ದಿತು. ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಉರಿಯುವುದಕ್ಕೆ ಎಣ್ಣೆಯೇ ಉಳಿದಿರಲಿಲ್ಲವಾದ್ದರಿಂದ ಬೆಂಕಿ ಮಾತ್ರ ಹತ್ತಲಿಲ್ಲ.

ಅಪಘಾತವನ್ನು ವಿಚಾರಿಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿಯು, ವಿಮಾನದವರು ತಮ್ಮ ಇಂಧನದ ಸ್ಥಿತಿಯನ್ನು ಆಪತ್ತೆಂದು ಸಕಾಲದಲ್ಲಿ ತಿಳಿಸದೆ ಹೋದುದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಎಣಿಸಿತು. ಇಂಧನ ಕಡಿಮೆಯಾದುದನ್ನು ಹೇಳುವುದಕ್ಕೆ ಎಲ್ಲರಿಗೂ ಒಂದೇ ಅರ್ಥ ಕೊಡುವ ನಿಶ್ಚಿತ ಪದಗಳು ಇಲ್ಲದಿದ್ದುದನ್ನೂ ಅದು ಎತ್ತಿ ತೋರಿಸಿತು. ಅಂತಹ ಪದಗಳು ಅಂತರರಾಷ್ಟ್ರೀಯ ನಿಯಮಗಳೊಳಗೆ ಸ್ಪಷ್ಟವಾಗಿ ಸೇರಿದುದು 2012ರಲ್ಲಿ. ಇನ್ನು ತಡವಾದರೆ ತೊಂದರೆ ಎಂಬ ಸ್ಥಿತಿಗೆ 'ಮಿನಿಮಮ್ ಫ್ಯೂಯೆಲ್'. ತೊಂದರೆ ಬಂದೇ ಬಿಟ್ಟಿತು ಎಂಬ ಸ್ಥಿತಿಗೆ 'ಮೇಡೇ ಫ್ಯೂಯೆಲ್'.

ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ಮನೆಯ ಮೇಜಿನ ಮೇಲೆ, ಕಂಪ್ಯೂಟರಿನ ತೆರೆಯಲ್ಲಿ ಹಾರುವ ವಿಮಾನಗಳ ವಿಷಯವನ್ನು. ಅಲ್ಲಿ ಎಷ್ಟು ಸಲ ಬಿದ್ದರೂ ಯಾರಿಗೂ ಗಾಯವಾಗುವುದಿಲ್ಲ. ಹಾಗಿದ್ದಮೇಲೆ ನಿಜವಾದ ಸಾವಿನ ಕಥೆಯಿಂದ ಏಕೆ ಆರಂಭಿಸಬೇಕು? ಕಾರಣವುಂಟು. ಆವಿಯಾಂಕಾ ವಿಮಾನದಲ್ಲಿ ಕೊರತೆಯಾದ ವಸ್ತು ಯಂತ್ರದ ಭಾಗವಲ್ಲ, ಮಾತು. ಮೇಜಿನ ಮೇಲಣ ಹಾರಾಟದಲ್ಲಿ ಎಂಜಿನ್ನು ಕೃತಕ, ಮೋಡ ಕೃತಕ, ನೆಲವೂ ಕೃತಕ. ಆದರೆ ಅಲ್ಲಿ ವೈಮಾನಿಕನಿಗೂ ನಿಯಂತ್ರಕನಿಗೂ ನಡೆಯುವ ಮಾತುಕತೆ ಕೃತಕವಲ್ಲ. ಅದು ಹೇಗೆಂಬುದನ್ನು ನೋಡೋಣ.

ಹಾರಾಟದ ಅನುಕರಣ ಹೊಸದೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ಮನೆತನದ ಉದ್ಯೋಗ ಆರ್ಗನ್ ವಾದ್ಯಗಳನ್ನು ತಯಾರಿಸುವುದು. ಆ ವಾದ್ಯದ ತಿದಿಗಳನ್ನೂ ಗಾಳಿಯ ಕೊಳವೆಗಳನ್ನೂ ಬಳಸಿಕೊಂಡು ಅವನು 1929ರ ಹೊತ್ತಿಗೆ, ನೆಲದ ಮೇಲೆಯೇ ಓಲಾಡುವ ಮೋಟು ರೆಕ್ಕೆಯ ವಿಮಾನದ ಗೂಡೊಂದನ್ನು ಮಾಡಿದನು. ಮೊದಲು ಅದನ್ನು ಕೊಂಡವರು ಜಾತ್ರೆಯ ವಿನೋದಗಳನ್ನು ನಡೆಸುವವರು. 1934ರಲ್ಲಿ ಅಮೆರಿಕದ ಸೇನೆಯ ವೈಮಾನಿಕರಿಗೆ ಅಂಚೆ ಸಾಗಿಸುವ ಕೆಲಸ ಬಿದ್ದು, ಕೆಟ್ಟ ಹವೆಯಲ್ಲಿ ಹಲವರು ಸತ್ತಮೇಲೆ ಸೇನೆ ಆರು ಗೂಡುಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ವೈಮಾನಿಕರು ಈ ನೀಲಿ ಪೆಟ್ಟಿಗೆಯೊಳಗೆ ಕುಳಿತು ಕಲಿತರು. ಇಲ್ಲಿ ನಮಗೆ ಮುಖ್ಯವಾದುದು ಪೆಟ್ಟಿಗೆಯ ಹೊರಗಿದ್ದ ಮೇಜು. ಆ ಮೇಜಿನ ಹಿಂದೆ ಶಿಕ್ಷಕನೊಬ್ಬನು ಮೈಕ್ರೊಫೋನ್ ಹಿಡಿದು ಕೂರುತ್ತಿದ್ದನು. ವಿಮಾನದ ಹಾದಿ ಅವನ ಮುಂದಿನ ನಕ್ಷೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ನಿಲ್ದಾಣದ ನಿಯಂತ್ರಕನ ಪಾತ್ರವನ್ನು ವಹಿಸಿ ಅವನು ಅಪ್ಪಣೆ ಕೊಡುತ್ತಿದ್ದನು, ಪೆಟ್ಟಿಗೆಯೊಳಗಿನವನು ಉತ್ತರಿಸುತ್ತಿದ್ದನು.

ಮನೆಯ ಕಂಪ್ಯೂಟರುಗಳಿಗೆ ಈ ವಿದ್ಯೆ ಇಳಿದುಬಂದಾಗ ಪೆಟ್ಟಿಗೆ ಬಂತು, ಮೇಜು ಬರಲಿಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಮೊದಲ ಆವೃತ್ತಿ 1982ರಲ್ಲಿ ಹೊರಬಿತ್ತು, ಎಕ್ಸ್-ಪ್ಲೇನ್ 1995ರಲ್ಲಿ. ಅವುಗಳ ವಿಮಾನಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಿದರೂ ಆಕಾಶವು ಬಹುಕಾಲ ಮೂಕವಾಗಿಯೇ ಇತ್ತು; ಮಾತು ಬಂದಾಗಲೂ ಅದು ಯಂತ್ರದ ಸಿದ್ಧ ಮಾತು. ಅಂತರಜಾಲ ಬಂದ ತರುವಾಯ ಮೇಜೂ ಸೇರಿಕೊಂಡಿತು. 1998ರಲ್ಲಿ ಐವಾವೊ, 2001ರಲ್ಲಿ ವ್ಯಾಟ್‌ಸಿಮ್ ಎಂಬ ಜಾಲಗಳು ಹುಟ್ಟಿದವು. ಇವುಗಳಲ್ಲಿ ಒಬ್ಬನು ತನ್ನ ಮನೆಯಿಂದ ವಿಮಾನ ಹಾರಿಸಿದರೆ ಮತ್ತೊಬ್ಬನು, ಬಹುಶಃ ಬೇರೊಂದು ಖಂಡದಲ್ಲಿ ಕುಳಿತು, ರೇಡಾರ್ ತೆರೆಯನ್ನು ನೋಡುತ್ತ ಅವನನ್ನು ನಿಯಂತ್ರಿಸುತ್ತಾನೆ. ಸೇರುವುದಕ್ಕೆ ಶುಲ್ಕವಿಲ್ಲ, ಯಾರಿಗೂ ಸಂಬಳವಿಲ್ಲ. ಆದರೆ ನಿಯಂತ್ರಕನಾಗಬೇಕಾದವನು ತರಬೇತಿ ಪಡೆದು ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳನ್ನು ದಾಟಿಯೇ ಬರಬೇಕು.

ಇದರ ಯಂತ್ರರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ವೈಮಾನಿಕನ ಕಂಪ್ಯೂಟರು ರೆಕ್ಕೆಯ ಮೇಲಿನ ಗಾಳಿಯ ಒತ್ತಡ, ಎಂಜಿನ್ನಿನ ಬಲ, ಉಳಿದ ಇಂಧನ ಮೊದಲಾದವನ್ನೆಲ್ಲ ತಾನೇ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಬಹುಪಾಲು ಅವನ ಮನೆ ಬಿಟ್ಟು ಹೊರಡುವುದಿಲ್ಲ. ಸರ್ವರ್ ಎಂಬ ಕೇಂದ್ರ ಕಂಪ್ಯೂಟರಿಗೆ ಹೋಗುವುದು ವಿಮಾನದ ಹೆಸರು, ಸ್ಥಾನ, ಎತ್ತರ, ವೇಗ ಮತ್ತು ನಾಲ್ಕು ಅಂಕಿಗಳ ಒಂದು ಸಂಕೇತ, ಸ್ಥೂಲವಾಗಿ ಇಷ್ಟು. ನಿಯಂತ್ರಕನ ತೆರೆಯ ಮೇಲೆ ಮೂಡುವುದೂ ಅಷ್ಟೆ: ಒಂದು ಬಿಂದು, ಅದರ ಪಕ್ಕದಲ್ಲಿ ನಾಲ್ಕಾರು ಅಕ್ಷರ, ಅಂಕಿಗಳು. ಎಡಗಡೆಯ ಎಂಜಿನ್ನು ಉರಿಯುತ್ತಿದ್ದರೂ ಬಿಂದು ಕೆಂಪಾಗುವುದಿಲ್ಲ. ತೊಟ್ಟಿ ಬರಿದಾಗಿದ್ದರೂ ಬಿಂದು ಸಣ್ಣದಾಗುವುದಿಲ್ಲ.

ನಿಜವಾದ ನಿಯಂತ್ರಣ ಕೇಂದ್ರದಲ್ಲಿಯೂ ಹೀಗೆಯೇ ಎಂಬುದನ್ನು ಗಮನಿಸಬೇಕು. 1990ರ ಆ ರಾತ್ರಿ ನ್ಯೂಯಾರ್ಕಿನ ತೆರೆಗಳ ಮೇಲೆ ಆವಿಯಾಂಕಾ ವಿಮಾನವು ಉಳಿದ ವಿಮಾನಗಳಂತೆಯೇ ಒಂದು ಬಿಂದುವಾಗಿತ್ತು. ವಿಮಾನದೊಳಗಿನ ಸಂಕಟವು ನೆಲಕ್ಕೆ ತಲುಪಬೇಕಾದರೆ ಒಬ್ಬನು ಬಾಯಿ ಬಿಟ್ಟು ಹೇಳಬೇಕು, ಇನ್ನೊಬ್ಬನು ಕೇಳಿ ಅರ್ಥಮಾಡಿಕೊಳ್ಳಬೇಕು. ಹೇಳುವವನು ಗಾಬರಿಯಲ್ಲಿರುತ್ತಾನೆ, ಕೇಳುವವನು ಬೇರೆ ಹತ್ತು ವಿಮಾನಗಳ ಗದ್ದಲದಲ್ಲಿರುತ್ತಾನೆ. ಈ ಭಾಗವನ್ನು ಅನುಕರಣದ ಆಕಾಶವು ಅನುಕರಿಸುವುದಿಲ್ಲ, ಇದ್ದಕ್ಕಿದ್ದಂತೆ ಒದಗಿಸುತ್ತದೆ.

ಇನ್ನು ಆಪತ್ತು ಬರುವ ಬಗೆ. ಎಕ್ಸ್-ಪ್ಲೇನ್ ಮೊದಲಾದ ಅನುಕರಣಗಳಲ್ಲಿ ಇಂತಹ ಯಂತ್ರ ಇಂತಹ ಹೊತ್ತಿಗೆ ಕೆಡಲಿ ಎಂದು ಮೊದಲೇ ಗೊತ್ತುಮಾಡಬಹುದು. ಸರಾಸರಿ ಇಷ್ಟು ಗಂಟೆಗೊಮ್ಮೆ ಏನಾದರೊಂದು ಕೆಡಲಿ ಎಂದು ಅದೃಷ್ಟಕ್ಕೂ ಬಿಡಬಹುದು. ಎರಡನೆಯದೇ ಮೇಲೆಂದು ನಮ್ಮ ಮತ. ಗೊತ್ತಿರುವ ಪ್ರಶ್ನೆಗೆ ಉತ್ತರ ಬರೆಯುವವನು ಪರೀಕ್ಷೆ ಕೊಟ್ಟಂತಾಗುವುದಿಲ್ಲ. ಅನಿರೀಕ್ಷಿತ ಆಪತ್ತು ಬಂದೊಡನೆ ಮನಸ್ಸು ಮೊದಲು ಮಾಡುವ ಕೆಲಸ ನಂಬದಿರುವುದು: ಸೂಚಕವೇ ಕೆಟ್ಟಿರಬಹುದು, ತಾನು ಯಾವುದೋ ಗುಂಡಿಯನ್ನು ತಪ್ಪಾಗಿ ಒತ್ತಿರಬಹುದು ಎಂದು. ಆ ಹಿಂಜರಿಕೆಗೆ ಎಷ್ಟು ಸೆಕೆಂಡು ಬೇಕೆಂಬುದು ಬಹು ದೊಡ್ಡ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇವೆ.

ಆಪತ್ತು ಬಂದಿತೆನ್ನೋಣ. ವೈಮಾನಿಕರಿಗೆ ಹೇಳಿಕೊಡುವ ಕ್ರಮ ಹಳೆಯದು: ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತನಾಡು. ಮೈಕ್ರೊಫೋನ್ ಬಳಿಯಲ್ಲೇ ಇರುವುದರಿಂದ ಹೊಸಬರು ಈ ಕ್ರಮವನ್ನು ತಲೆಕೆಳಗು ಮಾಡುವುದು ಸಾಮಾನ್ಯ. ಕ್ರಮ ತಪ್ಪಿದರೆ ಏನಾಗುವುದೆಂಬುದಕ್ಕೆ 1972ರ ಡಿಸೆಂಬರ್ 29ರ ಒಂದು ದುರಂತ ಸಾಕ್ಷಿ. ಈಸ್ಟರ್ನ್ ಸಂಸ್ಥೆಯ 401ನೆಯ ವಿಮಾನವು ಮಯಾಮಿಯಲ್ಲಿ ಇಳಿಯಹೊರಟಾಗ ಮುಂಗಾಲಿನ ಚಕ್ರ ಇಳಿದಿದೆಯೆಂದು ತೋರಿಸಬೇಕಾದ ಪುಟ್ಟ ದೀಪ ಹೊತ್ತಲಿಲ್ಲ. ವಿಮಾನವನ್ನು 2,000 ಅಡಿ ಎತ್ತರದಲ್ಲಿ ಸ್ವಯಂಚಾಲಕಕ್ಕೆ ಒಪ್ಪಿಸಿ ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಅಷ್ಟರಲ್ಲಿ ವಿಮಾನ ಮೆಲ್ಲಮೆಲ್ಲನೆ ಇಳಿಯತೊಡಗಿದ್ದು ಯಾರ ಗಮನಕ್ಕೂ ಬರಲಿಲ್ಲ. ನಿಯಂತ್ರಕನ ತೆರೆಯಲ್ಲಿ 900 ಅಡಿ ಎಂದು ಕಂಡಿತು. ಅವನು ಎತ್ತರವನ್ನು ಕುರಿತು ಕೇಳಲಿಲ್ಲ. ನಿಮ್ಮ ಕೆಲಸ ಹೇಗೆ ಸಾಗಿದೆ ಎಂಬರ್ಥದ ಸಾಧಾರಣ ಪ್ರಶ್ನೆಯೊಂದನ್ನು ಕೇಳಿದನು. ದೀಪದ ಯೋಚನೆಯಲ್ಲಿದ್ದವರು ದೀಪದ ವಿಷಯವಾಗಿಯೇ ಅದನ್ನು ಅರ್ಥಮಾಡಿಕೊಂಡು, ಹಿಂದಿರುಗಲು ಅಪ್ಪಣೆ ಕೇಳಿದರು. ಕೆಲವು ಕ್ಷಣಗಳಲ್ಲಿ ವಿಮಾನವು ಎವರ್‌ಗ್ಲೇಡ್ಸ್ ಜೌಗುನೆಲಕ್ಕೆ ಅಪ್ಪಳಿಸಿತು. 176 ಜನರಲ್ಲಿ 101 ಮಂದಿ ಸತ್ತರು. ಚಕ್ರಗಳು ಸರಿಯಾಗಿಯೇ ಇಳಿದಿದ್ದುವು. ಕೆಟ್ಟದ್ದು ದೀಪದ ಬಲ್ಬು ಮಾತ್ರ.

ಆದುದರಿಂದ ಎಂಜಿನ್ನು ನಿಂತಾಗ ಮೊದಲ ಕೆಲಸ ವಿಮಾನದ ಮೂತಿಯನ್ನು ತಕ್ಕಷ್ಟು ತಗ್ಗಿಸಿ ವೇಗವನ್ನು ಉಳಿಸಿಕೊಳ್ಳುವುದು. ಎರಡನೆಯದು ಎತ್ತ ತಿರುಗಬೇಕೆಂದು ನಿಶ್ಚಯಿಸುವುದು. ಆಮೇಲೆ ಕರೆ. ಕರೆಯನ್ನು 'ಮೇಡೇ' ಎಂಬ ಪದವನ್ನು ಮೂರು ಸಲ ಉಚ್ಚರಿಸಿ ಆರಂಭಿಸಬೇಕು. ಈ ಪದಕ್ಕೂ ಮೇ ತಿಂಗಳ ಮೊದಲ ದಿನಕ್ಕೂ ಸಂಬಂಧವಿಲ್ಲ. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಬಳಿಯ ಕ್ರಾಯ್ಡನ್ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ಇದನ್ನು ಸೂಚಿಸಿದನು. ಅಲ್ಲಿಂದ ಹಾರುವ ವಿಮಾನಗಳಲ್ಲಿ ಬಹಳಷ್ಟು ಪ್ಯಾರಿಸ್ಸಿಗೆ ಹೋಗಿಬರುವಂಥವು. ಫ್ರೆಂಚ್ ಭಾಷೆಯಲ್ಲಿ ನೆರವು ಬೇಡುವ ಮಾತೊಂದರ ಧ್ವನಿ ಇದಕ್ಕೆ ಹತ್ತಿರ. ಪ್ರಾಣಾಪಾಯವಿಲ್ಲದ, ಆದರೂ ತುರ್ತಾದ ತೊಂದರೆಗೆ 'ಪ್ಯಾನ್ ಪ್ಯಾನ್' ಎಂಬ ಬೇರೆ ಕರೆಯುಂಟು. ಬಳಲಿದ ಪ್ರಯಾಣಿಕನಿಗೆ ವೈದ್ಯ ಬೇಕಾಗಿದ್ದರೆ ಪ್ಯಾನ್. ರೆಕ್ಕೆಯ ಮೇಲೆ ಬೆಂಕಿಯಿದ್ದರೆ ಮೇಡೇ. ಸಂಕೋಚದಿಂದ ಎರಡನ್ನೂ ಬಿಟ್ಟು 'ಸ್ವಲ್ಪ ತೊಂದರೆಯಾಗಿದೆ' ಎನ್ನುವುದು ಆವಿಯಾಂಕಾ ಸಹಚಾಲಕನ ದಾರಿ.

ಆ ಪದದ ತರುವಾಯ ವಿಮಾನದ ಹೆಸರು, ಏನು ಕೆಟ್ಟಿದೆ, ಏನು ಮಾಡಬೇಕೆಂದಿರುವೆ, ಎಲ್ಲಿರುವೆ, ಎಷ್ಟು ಎತ್ತರದಲ್ಲಿರುವೆ ಎಂಬುದನ್ನು ಒಂದೇ ಉಸಿರಿಗೆ ಹಿಡಿಯುವಷ್ಟರಲ್ಲಿ ಹೇಳಬೇಕು. 'ಬಲಗಡೆಯ ಎಂಜಿನ್ನಿನಲ್ಲಿ ಬೆಂಕಿ, ಹಿಂದಿರುಗುತ್ತಿದ್ದೇವೆ, ನಿಲ್ದಾಣದ ಉತ್ತರಕ್ಕೆ ಎಂಟು ಮೈಲಿ, ನಾಲ್ಕು ಸಾವಿರ ಅಡಿ' ಎಂದರೆ ಸಾಕು. ಬೆಂಕಿ ಹೇಗೆ ಹತ್ತಿತೆಂಬ ವಿವರಣೆ ಬೇಡ. ನಿಯಂತ್ರಕನಿಗೆ ಎಂಜಿನ್ನಿನ ಕಾರಣದಿಂದ ಆಗಬೇಕಾದುದೇನೂ ಇಲ್ಲ; ದಾರಿ ತೆರವು ಮಾಡುವುದಷ್ಟೆ ಅವನ ಕೈಯಲ್ಲಿರುವುದು. ಬಿಡುವಾದಾಗ ಅವನು ಇನ್ನೆರಡು ಸಂಗತಿಗಳನ್ನು ಕೇಳುತ್ತಾನೆ: ಇಂಧನ ಎಷ್ಟು ಹೊತ್ತಿಗೆ ಸಾಕು, ವಿಮಾನದಲ್ಲಿ ಎಷ್ಟು ಜೀವಗಳಿವೆ. ಜನರೆನ್ನದೆ ಜೀವಗಳೆಂದು ಎಣಿಸುವುದು ಹಡಗಿನವರಿಂದ ಬಂದ ರೂಢಿ. ಅನುಕರಣದ ವಿಮಾನದಲ್ಲಿ ಜೀವ ಒಂದೂ ಇಲ್ಲವೆಂದು ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆದರೂ ನೂರ ಐವತ್ತು ಎಂದು ಗಂಭೀರವಾಗಿ ಹೇಳಿದಾಗ ಇಬ್ಬರ ದನಿಯೂ ಬದಲಾಗುವುದುಂಟು.

ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಲಾರೆವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಹಿಂಜರಿಯಬಹುದು. ಆಕಾಶದ ಇಂಗ್ಲಿಷು ಬೇರೆಯದೇ ಒಂದು ಚಿಕ್ಕ ಭಾಷೆ. ಅದರ ಪದಗಳು ಕೆಲವು ನೂರು. ವಾಕ್ಯಗಳ ಅಚ್ಚು ನಿಶ್ಚಿತ. ಗದ್ದಲದಲ್ಲಿ ತಪ್ಪಾಗಿ ಕೇಳಿಸಬಾರದೆಂದು ಅದರಲ್ಲಿ 'ತ್ರೀ' ಎಂಬುದನ್ನು 'ಟ್ರೀ' ಎಂದೂ, 'ಫೈವ್' ಎಂಬುದನ್ನು 'ಫೈಫ್' ಎಂದೂ, 'ನೈನ್' ಎಂಬುದನ್ನು 'ನೈನರ್' ಎಂದೂ ಉಚ್ಚರಿಸುವ ಕ್ರಮವಿದೆ. ಆದರೆ ಅಚ್ಚಿನ ವಾಕ್ಯಗಳು ದಿನನಿತ್ಯದ ಹಾರಾಟಕ್ಕೆ ಸಾಕೇ ಹೊರತು ಆಪತ್ತಿಗೆ ಸಾಲವು. ಅಲ್ಲಿ ಅಚ್ಚಿನ ಹೊರಗಿನ ಮಾತೂ ಬೇಕಾಗುತ್ತದೆ. 2008ರ ಮಾರ್ಚಿನಿಂದ ಅಂತರರಾಷ್ಟ್ರೀಯ ವೈಮಾನಿಕರಿಗೂ ನಿಯಂತ್ರಕರಿಗೂ ಆಡುನುಡಿಯ ಇಂಗ್ಲಿಷಿನಲ್ಲಿ ನಿರ್ದಿಷ್ಟ ಮಟ್ಟದ ಪರೀಕ್ಷೆಯನ್ನು ವಿಧಿಸಿದುದಕ್ಕೆ ಇದೇ ಕಾರಣ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ಹುಡುಗಿಯೊಬ್ಬಳು ಅಪರಿಚಿತ ದನಿಯೊಂದಿಗೆ, ಕಾಲದ ಒತ್ತಡದಲ್ಲಿ, ಈ ಭಾಷೆಯನ್ನಾಡಿ ಪಳಗಲು ಅನುಕರಣದ ಜಾಲಕ್ಕಿಂತ ಅಗ್ಗದ ಶಾಲೆ ನಮಗೆ ಕಾಣದು.

ಬಾಯಿಂದ ಹೇಳುವುದರ ಜೊತೆಗೆ ಅಂಕಿಯಿಂದ ಹೇಳುವ ಕ್ರಮವೂ ಇದೆ. ಮೇಲೆ ಹೇಳಿದ ನಾಲ್ಕು ಅಂಕಿಗಳ ಸಂಕೇತವನ್ನು 7700 ಎಂದು ತಿರುಗಿಸಿದರೆ ನಿಯಂತ್ರಕರ ತೆರೆಗಳ ಮೇಲೆ ಆ ಬಿಂದು ಎದ್ದು ಕಾಣತೊಡಗುತ್ತದೆ. ರೇಡಿಯೋ ಕೆಟ್ಟಿದ್ದರೆ 7600. ವಿಮಾನದ ಅಪಹರಣವಾದರೆ 7500. ಈ ಕೊನೆಯದನ್ನು ವ್ಯಾಟ್‌ಸಿಮ್ ಜಾಲದಲ್ಲಿ ಬಳಸುವುದು ಸಂಪೂರ್ಣವಾಗಿ ನಿಷಿದ್ಧ. ಅಪಹರಣದ ನಟನೆಯನ್ನು ಅಲ್ಲಿ ಯಾರೂ ವಿನೋದವೆಂದು ಸಹಿಸುವುದಿಲ್ಲ.

ಇನ್ನು ಮೈಕ್ರೊಫೋನಿನ ಮತ್ತೊಂದು ಕಡೆಗೆ ಬರೋಣ. ಯೂರೋಪಿನ ನಿಯಂತ್ರಕರಿಗೆ ಆಪತ್ತಿನ ಸಮಯಕ್ಕಾಗಿ ಆರು ಕೆಲಸಗಳ ಒಂದು ಪಾಠವಿದೆ. ಕರೆ ತಲುಪಿತೆಂದು ಒಡನೆಯೆ ತಿಳಿಸುವುದು, ಉಳಿದ ವಿಮಾನಗಳನ್ನು ದೂರ ಸರಿಸುವುದು, ಆ ಅಲೆಯ ಮೇಲೆ ಬೇರೆಯವರು ಮಾತನಾಡದಂತೆ ಮಾಡುವುದು, ತಿಳಿಯಬೇಕಾದವರಿಗೆ ತಿಳಿಸುವುದು, ವೈಮಾನಿಕನಿಗೆ ಬೇಕಾದ ಸಹಾಯ ಕೊಡುವುದು, ಕಡೆಯದಾಗಿ ಅವನಿಗೆ ಸಮಯ ಕೊಡುವುದು. ಈ ಕಡೆಯದೇ ಅತ್ಯಂತ ಕಷ್ಟವೆಂದು ತೋರುತ್ತದೆ. ಸಹಾಯ ಮಾಡಬೇಕೆಂಬ ಆತುರದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವವನು ಸಹಾಯಕನಲ್ಲ. ವೈಮಾನಿಕನ ಕೈಗಳೆರಡೂ ಕೆಲಸದಲ್ಲಿರುವಾಗ ಅವನ ಕಿವಿಯನ್ನೂ ತುಂಬಿಬಿಟ್ಟರೆ ಗತಿಯೇನು?

2009ನೆಯ ಜನವರಿ 15ರಂದು ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣದಿಂದ ಮೇಲೇರಿದ ಯು.ಎಸ್. ಏರ್‌ವೇಸ್ 1549ನೆಯ ವಿಮಾನಕ್ಕೆ ಸುಮಾರು 2,800 ಅಡಿ ಎತ್ತರದಲ್ಲಿ ಹೆಬ್ಬಾತುಗಳ ಹಿಂಡು ಬಡಿದು ಎಂಜಿನ್ನುಗಳೆರಡೂ ಬಲ ಕಳೆದುಕೊಂಡುವು. ಕ್ಯಾಪ್ಟನ್ ಚೆಸ್ಲಿ ಸಲನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದನು. 155 ಜನರೂ ಬದುಕಿದರು. ಇದು ಎಲ್ಲರಿಗೂ ತಿಳಿದ ಕಥೆ. ಆ ಮೂರೂವರೆ ನಿಮಿಷಗಳ ಸಂಭಾಷಣೆಯನ್ನು ಗಮನಿಸಿದವರು ಕಡಿಮೆ. ಕ್ಯಾಪ್ಟನ್ನನು ಹಕ್ಕಿ ಬಡಿದುದನ್ನೂ ಎಂಜಿನ್ನುಗಳ ಬಲ ಹೋದುದನ್ನೂ ಹಿಂದಿರುಗುತ್ತಿರುವುದನ್ನೂ ಒಂದೇ ವಾಕ್ಯದಲ್ಲಿ ಹೇಳಿದನು. ಅಷ್ಟು ಅನುಭವಿಯ ಬಾಯಲ್ಲೂ ತನ್ನ ವಿಮಾನದ ಸಂಖ್ಯೆ 1539 ಎಂದು ತಪ್ಪಾಗಿ ಬಂತು. ನಿಯಂತ್ರಕ ಪ್ಯಾಟ್ರಿಕ್ ಹಾರ್ಟನ್ ಕೂಡ ಗಡಿಬಿಡಿಯಲ್ಲಿ ಸಂಖ್ಯೆಯನ್ನು 1529 ಎಂದನು. ಅದರಿಂದ ಕೆಡುಕೇನೂ ಆಗಲಿಲ್ಲ, ಏಕೆಂದರೆ ಸಂಗತಿ ಸ್ಪಷ್ಟವಾಗಿತ್ತು. ಹಾರ್ಟನ್ ಲಗ್ವಾರ್ಡಿಯಾ ಗೋಪುರಕ್ಕೆ ಹೇಳಿ ಹೊರಡುವ ವಿಮಾನಗಳನ್ನೆಲ್ಲ ನಿಲ್ಲಿಸಿದನು. ಒಂದು ರನ್‌ವೇ ಬೇಕೇ ಎಂದು ಕೇಳಿದನು. ಆಗದೆಂಬ ಉತ್ತರ ಬಂದಾಗ ಇನ್ನೊಂದನ್ನು ಸೂಚಿಸಿದನು. ನದಿಯ ಆಚೆಯ ಟೆಟರ್‌ಬರೋ ನಿಲ್ದಾಣವನ್ನೂ ತೆರವುಮಾಡಿ ಕೊಟ್ಟನು. ಎಲ್ಲಿಯೂ ಹೀಗೆ ಮಾಡಲೇಬೇಕೆಂದು ಹೇರಲಿಲ್ಲ. ಬಾಗಿಲುಗಳನ್ನು ಒಂದೊಂದಾಗಿ ತೆರೆದಿಟ್ಟನು, ಯಾವುದರೊಳಗೆ ಹೋಗುವುದೆಂಬುದನ್ನು ವಿಮಾನದಲ್ಲಿದ್ದವನಿಗೆ ಬಿಟ್ಟನು.

ಎಂಜಿನ್ನಿಲ್ಲದ ಇಂತಹ ವಿಮಾನವು ತಾನು ಕಳೆದುಕೊಳ್ಳುವ ಎತ್ತರದ ಸುಮಾರು ಹದಿನೈದು ಪಟ್ಟು ದೂರ ತೇಲಬಲ್ಲದು. 2,800 ಅಡಿ ಎಂದರೆ ಸುಮಾರು 850 ಮೀಟರು. ಹದಿನೈದು ಪಟ್ಟು ಎಂದರೆ ಹನ್ನೆರಡೂ ಮುಕ್ಕಾಲು ಕಿಲೋಮೀಟರು. ಕಾಗದದ ಮೇಲೆ ಲಗ್ವಾರ್ಡಿಯಾ ಕೈಗೆಟುಕುವಂತೆಯೇ ಕಾಣುತ್ತದೆ. ಆದರೆ ವಿಮಾನವು ಹಿಂದಕ್ಕೆ ತಿರುಗಬೇಕು. ತಿರುವಿನಲ್ಲಿ ಎತ್ತರ ಬೇಗ ಕರಗುತ್ತದೆ. ಸುರಕ್ಷಾ ಮಂಡಲಿಯು ಆಮೇಲೆ ಫ್ರಾನ್ಸಿನ ಟುಲೂಸಿನಲ್ಲಿ ಏರ್‌ಬಸ್ ಸಂಸ್ಥೆಯ ಅನುಕರಣ ಯಂತ್ರದಲ್ಲಿ ಈ ಘಟನೆಯನ್ನು ಪುನಃ ಪುನಃ ಹಾರಿಸಿ ನೋಡಿತು. ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿದಾಗ ಹಲವು ಪ್ರಯತ್ನಗಳಲ್ಲಿ ವಿಮಾನವು ರನ್‌ವೇ ತಲುಪಿತು. ನಡೆದುದನ್ನು ಅರಿತು ನಿಶ್ಚಯಿಸಲು ಮನುಷ್ಯನಿಗೆ ಬೇಕಾಗುವ ಕಾಲವೆಂದು 35 ಸೆಕೆಂಡು ಬಿಟ್ಟು ತಿರುಗಿದಾಗ ತಲುಪಲಿಲ್ಲ. ಮೊದಲಿನ ಪ್ರಯತ್ನಗಳ ವೈಮಾನಿಕರಿಗೆ ಏನು ಬರಲಿದೆಯೆಂದು ಗೊತ್ತಿತ್ತು; ಸಲನ್‌ಬರ್ಗರನಿಗೆ ಗೊತ್ತಿರಲಿಲ್ಲ. ಅನಿರೀಕ್ಷಿತತೆಯ ಬೆಲೆಯನ್ನು ಇಷ್ಟು ಸ್ಪಷ್ಟವಾಗಿ ಅಳೆದು ತೋರಿಸಿದ ಪ್ರಯೋಗ ಅಪರೂಪ. ಮನೆಯಲ್ಲಿ ದೋಷವನ್ನು ಅದೃಷ್ಟಕ್ಕೆ ಬಿಡುವುದೇ ಮೇಲೆಂದು ನಾವು ಹೇಳಿದುದು ಈ 35 ಸೆಕೆಂಡುಗಳನ್ನು ಎಣಿಸಿ.

ಈಗ ಒಂದು ತೊಡಕನ್ನು ಹೇಳಬೇಕು. ನಿಜವಾದ ದೊಡ್ಡ ನಿಲ್ದಾಣದಲ್ಲಿ ನೆಲದ ಓಡಾಟಕ್ಕೆ ಒಬ್ಬ, ರನ್‌ವೇಗೆ ಒಬ್ಬ, ಸಮೀಪದ ಆಕಾಶಕ್ಕೆ ಕೆಲವರು, ಮೇಲೆ ಮೇಲ್ವಿಚಾರಕರು ಇರುತ್ತಾರೆ. ಒಬ್ಬನಿಗೆ ಆಪತ್ತು ಬಂದರೆ ಇನ್ನೊಬ್ಬನು ಅವನ ಉಳಿದ ವಿಮಾನಗಳನ್ನು ವಹಿಸಿಕೊಳ್ಳುತ್ತಾನೆ. ಅನುಕರಣದ ಜಾಲದಲ್ಲಿ ಇಷ್ಟೂ ಹುದ್ದೆಗಳನ್ನು ಅನೇಕ ವೇಳೆ ಒಬ್ಬನೇ ಹೊತ್ತಿರುತ್ತಾನೆ. ಅವನು ನಾಳೆಯ ಪಾಠವನ್ನು ಓದಿ ಮುಗಿಸಿ ಬಂದ ವಿದ್ಯಾರ್ಥಿಯೂ ಆಗಿರಬಹುದು. ಅಟ್ಲಾಂಟಿಕ್ ದಾಟುವ 'ಕ್ರಾಸ್ ದ ಪಾಂಡ್' ಎಂಬ ಮೇಳದಂತಹ ದಿನಗಳಲ್ಲಿ ನೂರಾರು ವಿಮಾನಗಳು ಒಂದೇ ದಿಕ್ಕಿಗೆ ಹೊರಟಿರುತ್ತವೆ. ಆಗ ಒಬ್ಬನು ಮೇಡೇ ಎಂದರೆ, ಗಂಟೆಗಟ್ಟಲೆ ಹಾರಿಬಂದ ಇತರರೆಲ್ಲರೂ ಅವನಿಗಾಗಿ ಸುತ್ತು ಹಾಕಬೇಕಾಗುತ್ತದೆ. ಸಾಲಿನಲ್ಲಿ ಮುಂದೆ ನುಗ್ಗುವುದಕ್ಕೆಂದೇ ಆಪತ್ತನ್ನು ನಟಿಸುವ ಚತುರರೂ ಇಲ್ಲದಿಲ್ಲ.

ಇದಕ್ಕೆ ವ್ಯಾಟ್‌ಸಿಮ್ ಮಾಡಿರುವ ನಿಯಮ ಸರಳವಾದುದು. ನಿಯಂತ್ರಕನ ವಶದಲ್ಲಿರುವಾಗ ಮಾತ್ರ ಆಪತ್ತನ್ನು ಘೋಷಿಸಬಹುದು. ನಿಯಂತ್ರಕನು ನಿಲ್ಲಿಸೆಂದರೆ, ಕಾರಣ ಕೇಳದೆ, ತತ್ಕ್ಷಣ ನಿಲ್ಲಿಸಬೇಕು. ಇಲ್ಲವೆ ಜಾಲವನ್ನು ಬಿಟ್ಟು ಹೋಗಬೇಕು. ನಿಲ್ಲಿಸುವುದೆಂದರೆ ಒಂದು ಕೀಲಿಯನ್ನು ಒತ್ತಿ ಸುಟ್ಟ ಎಂಜಿನ್ನನ್ನು ಹೊಸದಾಗಿಸುವುದು. ನಿಜವಾದ ವೈಮಾನಿಕರಿಗೆ ಇಲ್ಲದ ಸೌಭಾಗ್ಯವಿದು! ಇದು ವಾಸ್ತವತೆಗೆ ಭಂಗವೆಂದು ಆಕ್ಷೇಪಿಸುವವರು ಉಂಟು. ನಮಗೆ ಹಾಗೆ ತೋರುವುದಿಲ್ಲ. ಎಂಜಿನ್ನು ಕೃತಕವಾದರೂ ನಿಯಂತ್ರಕನ ಸಂಜೆ ಕೃತಕವಲ್ಲ. ಜನಸಂದಣಿ ಇಲ್ಲದ ಹೊತ್ತಿನಲ್ಲಿ, 'ಇಂದು ಆಪತ್ತೊಂದು ಬಂದರೆ ನಿಭಾಯಿಸುವಿರಾ?' ಎಂದು ಮುಂಚಿತವಾಗಿ ಅಕ್ಷರದಲ್ಲಿ ಕೇಳಿಕೊಂಡರೆ ಅನೇಕ ನಿಯಂತ್ರಕರು ಸಂತೋಷದಿಂದಲೇ ಒಪ್ಪುತ್ತಾರೆ. ಅವರಿಗೂ ಅಭ್ಯಾಸ ಬೇಕಾಗಿರುತ್ತದೆ. ಯಾವ ದೋಷ, ಯಾವ ಕ್ಷಣ ಎಂಬುದನ್ನು ಯಂತ್ರಕ್ಕೆ ಬಿಟ್ಟರೆ ಒಪ್ಪಿಗೆಯೂ ಸಿಕ್ಕಿತು, ಅಚ್ಚರಿಯೂ ಉಳಿಯಿತು.

ಅನುಕರಣದ ಆಕಾಶಕ್ಕೆ ಅದರದೇ ಆದ ಆಪತ್ತುಗಳೂ ಇವೆ. ಇಳಿಯಲು ಐದು ಮೈಲಿ ಇರುವಾಗ ಊರಿನಲ್ಲಿ ವಿದ್ಯುತ್ತು ಹೋದರೆ ವಿಮಾನವು ತೆರೆಯಿಂದ ಮಾಯವಾಗುತ್ತದೆ. ಬಿದ್ದಿತೋ, ತಂತಿ ಕಡಿಯಿತೋ ನಿಯಂತ್ರಕನಿಗೆ ತಿಳಿಯದು. ಅವನು ಎರಡು ಸಲ ಕರೆದು, ಉತ್ತರ ಬಾರದಿದ್ದರೆ ಹಿಂದಿನ ವಿಮಾನಕ್ಕೆ ದಾರಿ ಕೊಡುತ್ತಾನೆ. ಧ್ವನಿಯ ಮಟ್ಟಿಗೆ ಮಾತ್ರ ಅನುಕರಣವು ನಿಜಕ್ಕೆ ಬಹಳ ಹತ್ತಿರ ಬಂದಿದೆ. ವ್ಯಾಟ್‌ಸಿಮ್‌ನಲ್ಲಿ 2019ರಲ್ಲಿ ಬಂದ ಧ್ವನಿವ್ಯವಸ್ಥೆಯು, ರೇಡಿಯೋ ಅಲೆಗಳೇ ಇಲ್ಲದಿದ್ದರೂ, ದೂರ ಹೆಚ್ಚಿದಂತೆ ದನಿಯನ್ನು ಮಸುಕಾಗಿಸುತ್ತದೆ. ಇಬ್ಬರು ಏಕಕಾಲಕ್ಕೆ ಮಾತನಾಡಿದರೆ ಇಬ್ಬರ ಮಾತನ್ನೂ ನುಂಗುವ ಕರ್ಕಶ ಶಬ್ದವನ್ನು ಹೊರಡಿಸುತ್ತದೆ. ಆದುದರಿಂದ ಇಲ್ಲಿಯೂ ಮೇಡೇ ಎಂದು ಕೂಗಿದಮೇಲೆ ಉತ್ತರ ಬಂತೇ ಎಂದು ಕೇಳಿಸಿಕೊಳ್ಳಬೇಕು, ಬಾರದಿದ್ದರೆ ಮತ್ತೆ ಕರೆಯಬೇಕು. ಹೇಳಿದೆನೆಂಬುದು ಬೇರೆ, ತಲುಪಿತೆಂಬುದು ಬೇರೆ.

ಆಪತ್ತಿನ ವಿಮಾನವು ನೆಲ ಮುಟ್ಟಿತೆನ್ನೋಣ. ವೈಮಾನಿಕನು ಕುರ್ಚಿಗೆ ಒರಗಿ ನಿಟ್ಟುಸಿರು ಬಿಡುತ್ತಾನೆ. ನಿಯಂತ್ರಕನಿಗೆ ಆ ಬಿಡುವಿಲ್ಲ. ರನ್‌ವೇಯ ನಡುವೆ ನಿಂತ ವಿಮಾನವು ಅದನ್ನು ಮುಚ್ಚಿಬಿಟ್ಟಿದೆ. ನೆರವಿನ ಬಂಡಿಗಳು ಬರುವುದಿಲ್ಲವಾದರೂ, ಅವು ಬಂದು ಹೋಗಲು ಬೇಕಾದಷ್ಟು ಹೊತ್ತು ಕಾಯುವವರು ಕೆಲವರು. ವಿಮಾನವನ್ನು ಬೇಗ ಸರಿಸಲು ಹೇಳುವವರು ಕೆಲವರು. ಮೇಲೆ ಆರೋ ಎಂಟೋ ವಿಮಾನಗಳು ಇಪ್ಪತ್ತು ನಿಮಿಷಗಳಿಂದ ಸುತ್ತುತ್ತಿವೆ. ಅವನು ಅವುಗಳನ್ನು ಒಂದೊಂದಾಗಿ ಕರೆದು, ನಿಮ್ಮ ಇಂಧನ ಇನ್ನೆಷ್ಟು ನಿಮಿಷಕ್ಕೆ ಸಾಕು ಎಂದು ಕೇಳತೊಡಗುತ್ತಾನೆ.